ಗುಂಡಿಗೆ ಯಾರೂ ಇಳಿಯದ ಹಾಗೆ: ನಮ್ಮ ಅಪಾರ್ಟ್‌ಮೆಂಟಿನ ಚರಂಡಿ ಪಂಪಿನ ಕೆಲಸ

ಮೊದಲ ಹೊಸ ಪಂಪು ಗುಂಡಿಯೊಳಗೆ ಕೂತು ಓಡುತ್ತಿದೆ. ಎರಡನೆಯದು ಇನ್ನೂ ಡಬ್ಬದಲ್ಲೇ ಇದೆ. ಬಳ್ಳಾರಿಯಲ್ಲಿ ನಮ್ಮಂಥ ಹಳೇ ಅಪಾರ್ಟ್‌ಮೆಂಟುಗಳು ಬೇಕಾದಷ್ಟಿವೆ. ಯಾರಿಗಾದರೂ ಉಪಯೋಗವಾಗಲಿ ಅಂತ ಇಲ್ಲಿಯವರೆಗಿನ ಕೆಲಸ ಬರೆದಿಡುತ್ತಿದ್ದೇನೆ.

ನಮ್ಮದು 24 ಮನೆಗಳ ಕಟ್ಟಡ. ರಸ್ತೆಯ ಯುಜಿಡಿ (ಒಳಚರಂಡಿ) ಪೈಪು ನಮ್ಮ ಸೆಲ್ಲಾರಿಗಿಂತ ಮೇಲಿದೆ. ಹಾಗಾಗಿ ಎಲ್ಲಾ ಮನೆಗಳ ಕೊಳಚೆ ಪಾರ್ಕಿಂಗ್ ಹಿಂದಿನ ಗುಂಡಿಗೆ ಬರುತ್ತದೆ. ಅಲ್ಲಿಂದ ಎರಡು ಪಂಪು ಸರದಿಯಲ್ಲಿ ಮೇಲೆ ತಳ್ಳಬೇಕು. ಹಳೇವೆರಡೂ ಎಷ್ಟೋ ಸಲ ರಿವೈಂಡಿಂಗ್ (ಸುಟ್ಟ ಮೋಟರಿಗೆ ಮತ್ತೆ ತಂತಿ ಸುತ್ತಿಸೋದು) ಕಂಡ ಪಂಪುಗಳು.

ಪೈಪು ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಪೈಪೇ ಸರಿಯಿಲ್ಲ, ಅದನ್ನೇ ಬದಲಿಸಬೇಕು ಅನ್ನೋದು ಎಲ್ಲರ ಮಾತು. ಅದಕ್ಕೂ ಮುಂಚೆ ಒಂದು ಪರೀಕ್ಷೆ ಮಾಡೋಣ ಅಂದೆ. ಗುಂಡಿ 1.5 ಮೀಟರ್ ಉದ್ದ, ಅಷ್ಟೇ ಅಗಲ. ಮಟ್ಟ ಅರ್ಧ ಮೀಟರ್ ಇಳಿದರೆ 1,125 ಲೀಟರ್ ಹೊರಗೆ ಹೋಯಿತು ಅಂತ ಲೆಕ್ಕ. ಬೆಳಗಿನ ಜಾವ ಯಾರೂ ನೀರು ಬಿಡದ ಹೊತ್ತಲ್ಲಿ ಹಳೇ ಪಂಪು ಓಡಿಸಿ ನೋಡಿದೆವು. ಅಷ್ಟು ಇಳಿಯಲು ಸುಮಾರು ಹತ್ತು ನಿಮಿಷ ತಗೊಂಡಿತು. ಅಂದರೆ ನಿಮಿಷಕ್ಕೆ 110 ಲೀಟರ್ ಚಿಲ್ಲರೆ. ನಮ್ಮ 80 ಎಂಎಂ ಪೈಪಿನಲ್ಲಿ ಇದರ ವೇಗ ಸೆಕೆಂಡಿಗೆ 0.4 ಮೀಟರ್ ಕೂಡ ಆಗೋದಿಲ್ಲ. ಕೊಳಚೆಯ ಗಟ್ಟಿ ವಸ್ತು ತಳ ಹಿಡಿಯದೆ ಸಾಗಬೇಕಾದರೆ ಕನಿಷ್ಠ 0.6 ಮೀಟರ್ ವೇಗ ಬೇಕು. ಪೈಪು ಚೆನ್ನಾಗಿಯೇ ಇತ್ತು. ಪಂಪಿನ ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಸವೆದು ಹೋಗಿತ್ತು, ಅಷ್ಟೆ.

ಅಂಗಡಿಯಲ್ಲಿ, "ಅದೇ 5 ಎಚ್‌ಪಿ ಹಾಕ್ಸಿ ಸಾರ್, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಿ" ಅಂದರು. ನಮಗೆ ಬೇಕಾದದ್ದು ನಿಮಿಷಕ್ಕೆ 300 ಲೀಟರ್. ಆಗ ಪೈಪಿನಲ್ಲಿ ವೇಗ ಸೆಕೆಂಡಿಗೆ ಒಂದು ಮೀಟರ್ ಸಿಗುತ್ತದೆ. ಎತ್ತಬೇಕಾದದ್ದು ಐದೂವರೆ ಮೀಟರ್, ಪೈಪು ಮತ್ತು ಬೆಂಡುಗಳ ತಡೆ ಸೇರಿಸಿದರೆ ಏಳೂವರೆ. ಇದಕ್ಕೆ 2 ಎಚ್‌ಪಿ ಸಾಕು. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 108 ಲೀಟರ್ ಕೊಳಚೆ ಅಂತ ಹಿಡಿದರೂ ಇಡೀ ದಿನಕ್ಕೆ ಹತ್ತು ಸಾವಿರ ಲೀಟರ್ ಚಿಲ್ಲರೆ ಬರುತ್ತದೆ. ಅದನ್ನು ಹೊರಹಾಕಲು ಇಷ್ಟು ದೊಡ್ಡ ಪಂಪೂ ಬೇಕಿರಲಿಲ್ಲ. ಪೈಪು ಸ್ವಚ್ಛವಾಗಿರಲಿ ಅಂತಲೇ 300 ಲೀಟರ್. ಚಿಕ್ಕ ಪಂಪಿಗೆ ತೂಕವೂ ಕಡಿಮೆ. ನನಗೆ ಅದು ತುಂಬಾ ಮುಖ್ಯವಾಗಿತ್ತು.

ಹಳೇ ಪಂಪುಗಳನ್ನು ತಳದಲ್ಲಿ ಪೈಪಿಗೆ ಬೋಲ್ಟ್ ಹಾಕಿ ಕೂರಿಸಿದ್ದರು. ಕೆಟ್ಟಾಗಲೆಲ್ಲ ಒಬ್ಬ ಮನುಷ್ಯ ಕೆಳಗಿಳಿದು ಬಿಚ್ಚಬೇಕಿತ್ತು. ಇನ್ನು ಅದು ಆಗಕೂಡದು ಅಂತ ಮೊದಲ ಮೀಟಿಂಗಿನಲ್ಲೇ ಹೇಳಿದ್ದೆ. ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗೇ ಅದನ್ನು ಹಿಡಿಯೋದಿಲ್ಲ. ವಾಸನೆ ಇಲ್ಲ ಅಂತ ಇಳಿದವರು ಮೇಲೆ ಬರದೇ ಹೋಗಿದ್ದಾರೆ. ರಕ್ಷಣೆಯಿಲ್ಲದೆ ಚರಂಡಿಗೆ ಜನರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಅಪರಾಧ ಅಂತ ಹೇಳಿದೆ. ಅದು ಅಪಾರ್ಟ್‌ಮೆಂಟಿನವರಿಗೂ ಅನ್ವಯ.

ಹಾಗಾಗಿ ಎಲ್ಲವನ್ನೂ ಮೇಲಿನಿಂದಲೇ ಮಾಡಿದೆವು. ಸಕ್ಕಿಂಗ್ ಗಾಡಿ ತರಿಸಿ ಗುಂಡಿ ಖಾಲಿ ಮಾಡಿಸಿದೆವು. ಗುಂಡಿಯ ಬಾಯಲ್ಲೇ ಪೈಪನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದೆವು. ಬೆಂಕಿ ಹೊತ್ತಿಕೊಳ್ಳುವ ಮೀಥೇನ್ ಅನಿಲ ಇರುವ ಜಾಗದಲ್ಲಿ ಕಿಡಿ ಹಾರಿಸುವ ಗ್ರೈಂಡರ್ ಬೇಡವೇ ಬೇಡ. ಆಮೇಲೆ ಮುಕ್ಕಾಲಿ ನಿಲ್ಲಿಸಿ, ಚೈನ್ ಪುಲ್ಲಿಯಿಂದ ಪೈಪು ಸಮೇತ ಪಂಪನ್ನು ಎಳೆದುಕೊಂಡೆವು.

ಹೊಸದಕ್ಕೆ ಗೈಡ್ ರೈಲು (ಪಂಪು ಜಾರಿ ಇಳಿಯುವ ಕಂಬಿ) ಮತ್ತು ಆಟೋ ಕಪ್ಲಿಂಗ್ (ಬೋಲ್ಟ್ ಇಲ್ಲದೆ ತಾನೇ ಪೈಪಿಗೆ ಕೂಡುವ ಜೋಡಣೆ). ಸಾಮಾನ್ಯವಾಗಿ ಇದರ ಕೆಳಗಿನ ಬೆಂಡನ್ನು ಗುಂಡಿಯ ತಳಕ್ಕೆ ಬೋಲ್ಟ್ ಮಾಡುತ್ತಾರೆ. ಅದಕ್ಕೂ ಯಾರಾದರೂ ಇಳಿಯಲೇಬೇಕಲ್ವಾ? ನಮ್ಮ ವೆಲ್ಡಿಂಗ್ ಅಣ್ಣ ದಪ್ಪ ಕಬ್ಬಿಣದ ಪ್ಲೇಟಿನ ಮೇಲೆ ಬೆಂಡು, ರೈಲು, ಪೈಪು ಎಲ್ಲವನ್ನೂ ಹೊರಗೇ ಜೋಡಿಸಿ ಒಂದೇ ಫ್ರೇಮು ಮಾಡಿಕೊಟ್ಟರು. ಅದನ್ನು ಪುಲ್ಲಿಯಿಂದ ಇಳಿಸಿ, ಗುಂಡಿಯ ಬಾಯಿಗೆ ಮೇಲ್ಗಡೆ ಬಿಗಿದೆವು. ಪಂಪು ರೈಲಿನ ಮೇಲೆ ಜಾರಿ ಬೆಂಡಿನ ಮೇಲೆ ಕೂರುತ್ತದೆ. ತನ್ನ ತೂಕಕ್ಕೇ ಬಿಗಿಯಾಗುತ್ತದೆ. ಚೈನು ಎಳೆದರೆ ಮೇಲೆ ಬರುತ್ತದೆ. ಇಂಥ ಕೈಕೆಲಸ ನಮ್ಮೂರಲ್ಲೇ ಸಿಕ್ಕಿದ್ದು ದೊಡ್ಡ ಸಮಾಧಾನ. ಎನ್‌ಆರ್‌ವಿ (ಮೇಲೆ ಹೋದ ನೀರು ವಾಪಸ್ ಬರದಂತೆ ತಡೆಯುವ ವಾಲ್ವ್) ಮತ್ತು ಗೇಟ್ ವಾಲ್ವನ್ನೂ ಹೊರಗಿನ ಒಣ ಚೇಂಬರಿಗೆ ತಂದೆವು.

ಇಂಪೆಲ್ಲರ್ ಆರಿಸುವಾಗ ಬಳ್ಳಾರಿಯದ್ದೇ ಒಂದು ವಿಷಯ ಬಂತು. ಕೆಲವು ಮನೆಗಳಲ್ಲಿ ಜೀನ್ಸ್ ಹೊಲಿಗೆ ಕೆಲಸ ನಡೆಯುತ್ತದೆ. ನೆಲ ತೊಳೆದಾಗ ದಾರದ ತುಂಡುಗಳು ಚರಂಡಿ ಸೇರುತ್ತವೆ. ಹಳೇ ಇಂಪೆಲ್ಲರಿಗೆ ನೀಲಿ ದಾರ ಹಗ್ಗದಂತೆ ಸುತ್ತಿಕೊಂಡಿತ್ತು. ಕಟ್ಟರ್ ಪಂಪು ಹಾಕಿ ಅಂತ ಕೆಲವರು ಹೇಳಿದರು. ಮರಳು, ಧೂಳಿಗೆ ಕಟ್ಟರಿನ ಬ್ಲೇಡು ಬೇಗ ಮೊಂಡಾಗುತ್ತದೆ. ನಾನು ನೀರನ್ನು ಸುಳಿಯಂತೆ ತಿರುಗಿಸಿ ತಳ್ಳುವ ವೋರ್ಟೆಕ್ಸ್ ಪಂಪು ಆರಿಸಿದೆ. ಅದರ ಇಂಪೆಲ್ಲರ್ ಹಿಂದಕ್ಕೆ ಸರಿದಿರುತ್ತದೆ, ದಾರ ಸುತ್ತೋದು ಕಡಿಮೆ. ಕರೆಂಟು ಸ್ವಲ್ಪ ಜಾಸ್ತಿ ತಿನ್ನುತ್ತದೆ, ಇರಲಿ. ಹೊಲಿಗೆ ಮಾಡುವ ಅಕ್ಕಂದಿರಿಗೆ ಬಚ್ಚಲ ಜಾಲಿಯ ಮೇಲೆ ಹಾಕಲು ಸಣ್ಣ ಮೆಶ್ ಕೊಟ್ಟಿದ್ದೇವೆ. ಅವರ ಹೊಟ್ಟೆಪಾಡಿನ ಕೆಲಸ ನಿಲ್ಲಿಸಿ ಅನ್ನೋ ಮಾತೇ ಇಲ್ಲ.

ಹೊಸ ಪಂಪು ಅದೇ ಅರ್ಧ ಮೀಟರನ್ನು ನಾಲ್ಕು ನಿಮಿಷದೊಳಗೆ ಇಳಿಸಿತು. ಲೆಕ್ಕ ಸರಿಬಂತು.

ಪ್ಯಾನೆಲ್‌ಗೆ ಸಿಂಗಲ್ ಫೇಸ್ ಪ್ರಿವೆಂಟರ್ (ಮೂರು ಫೇಸಲ್ಲಿ ಒಂದು ಹೋದರೆ ಮೋಟರ್ ನಿಲ್ಲಿಸುವ ಸಾಧನ) ಹಾಕಿದ್ದಾಗಿದೆ. ನೀರು ಇಳಿದಾಗ ಪಂಪು ನಿಲ್ಲಿಸುವ ತೇಲು ಸ್ವಿಚ್ಚನ್ನು (ಆಫ್ ಫ್ಲೋಟ್) ಮೋಟರಿನ ಮಟ್ಟಕ್ಕಿಂತ ಮೇಲೆ ಕಟ್ಟಿದ್ದೇವೆ. ಮೋಟರ್ ತಣ್ಣಗಿರೋದು ಸುತ್ತಲಿನ ನೀರಿನಿಂದ, ಬಳ್ಳಾರಿ ಬೇಸಿಗೆಯಲ್ಲಿ ಅದನ್ನು ಬರಿದಾಗಿ ಬಿಡುವ ಹಾಗಿಲ್ಲ. ಎರಡನೇ ಫ್ರೇಮು ವೆಲ್ಡಿಂಗ್ ಶೆಡ್ಡಿನಲ್ಲಿದೆ. ಅದು ಕೂತ ಮೇಲೆ ಎರಡೂ ಪಂಪನ್ನು ಸರದಿಯಲ್ಲಿ ಓಡಿಸುವ ರಿಲೇ, ಮಟ್ಟ ಏರಿದರೆ ವಾಚ್‌ಮನ್ ರೂಮಿನಲ್ಲಿ ಕೂಗುವ ಅಲಾರಂ, ಗುಂಡಿಯ ಗಾಳಿ ಪೈಪನ್ನು ತಾರಸಿವರೆಗೆ ಎತ್ತುವ ಕೆಲಸ ಬಾಕಿ ಇವೆ.