ಕೀ ಇಲ್ಲದೆ ವೀಲ್ ಲಾಕ್ ನಟ್ ಬಿಚ್ಚುವುದು

ಅಲಾಯ್ ವೀಲ್ ಕದಿಯಬಾರದು ಅಂತ ಒಂದೊಂದು ಚಕ್ರಕ್ಕೂ ಒಂದೊಂದು ಲಾಕ್ ನಟ್ ಹಾಕಿರುತ್ತಾರೆ. ಜೊತೆಗೆ ಬರುವ ಪುಟ್ಟ ಕೀ ಸಾಕೆಟ್ ಇಲ್ಲದೆ ಅದು ಬಿಚ್ಚುವುದಿಲ್ಲ. ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಲಾಕ್ ನಟ್ ಇತ್ತು, ಕೀ ಇರಲಿಲ್ಲ. ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲಿ ಪಂಕ್ಚರ್ ಆದರೆ ಸ್ಟೆಪ್ನಿ ಇದ್ದೂ ಏನು ಪ್ರಯೋಜನ, ಅಲ್ವಾ? ಅದಕ್ಕೇ ಮನೆ ಮುಂದೆಯೇ ಬಿಚ್ಚಿ ಮುಗಿಸಿದೆ.

ಮೊದಲು ಸ್ಟೆಪ್ನಿ ಕೆಳಗೆ, ಜ್ಯಾಕ್ ಇಡುವ ಜಾಗದಲ್ಲಿ, ಗ್ಲೋವ್ ಬಾಕ್ಸ್‌ನಲ್ಲಿ ಚೆನ್ನಾಗಿ ಹುಡುಕಿ. ಕಂಪನಿಯಿಂದಲೇ ಬಂದ ನಟ್ ಆಗಿದ್ದು ಅದರ ಕೋಡ್ ಇರುವ ಕಾರ್ಡ್ ಸಿಕ್ಕರೆ ಹೊಸ ಕೀ ತರಿಸಬಹುದು.

ಸಿಗದಿದ್ದರೆ ಎಕ್ಸ್‌ಟ್ರಾಕ್ಟರ್ ಸಾಕೆಟ್, ಅಂದರೆ ಕೀ ಇಲ್ಲದ ನಟ್ಟನ್ನು ಹೊರಗಿನಿಂದ ಕಚ್ಚಿ ಬಿಚ್ಚುವ ಸಾಕೆಟ್ ತನ್ನಿ. ಇದರ ಒಳಗಿನ ಹಲ್ಲುಗಳು ಓರೆಯಾಗಿ ತಿರುಚಿಕೊಂಡಿರುತ್ತವೆ, ಹಾಗಾಗಿ ಎಡಕ್ಕೆ ತಿರುಗಿಸಿದಷ್ಟೂ ನಟ್ಟನ್ನು ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ. ಕಾರನ್ನು ಜ್ಯಾಕ್ ಮೇಲೆ ಎತ್ತಬೇಡಿ. ಚಕ್ರ ನೆಲದ ಮೇಲೇ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಕಣ್ಣಿನ ರಕ್ಷಣೆಗೆ ಸೇಫ್ಟಿ ಕನ್ನಡಕ ಹಾಕಿಕೊಳ್ಳಿ. ನಟ್ಟಿಗಿಂತ ಒಂಚೂರು ಚಿಕ್ಕ ಸಾಕೆಟ್ ಆರಿಸಿ, ನೇರವಾಗಿ ಸುತ್ತಿಗೆಯಿಂದ ಹೊಡೆದು ಕೂರಿಸಿ, ಉದ್ದ ಹಿಡಿಯ ಬ್ರೇಕರ್ ಬಾರ್ ಹಾಕಿ ನಿಧಾನವಾಗಿ ಭಾರ ಬಿಡಿ. ಜಗ್ಗಬೇಡಿ. ಟಕ್ ಅಂತ ಸದ್ದು ಬಂದರೆ ಸಡಿಲವಾಯಿತು ಅಂತ ಅರ್ಥ. ಸಾಕೆಟ್ ಒಳಗೆ ಸಿಕ್ಕಿಕೊಂಡ ನಟ್ಟನ್ನು ಹಿಂದಿನ ಚೌಕ ತೂತಿನಿಂದ ಕಂಬಿ ತೂರಿಸಿ ಹೊಡೆದರೆ ಹೊರಗೆ ಬರುತ್ತದೆ.

ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಸ್ಪ್ರೇ ಡಬ್ಲ್ಯುಡಿ-40 ಹಾಕಿಡಿ, ಆದರೆ ಬ್ರೇಕ್ ಡಿಸ್ಕ್‌ಗೆ ತಾಗಬಾರದು.

ಕೆಲವು ಲಾಕ್ ನಟ್‌ಗಳಿಗೆ ಹೊರಗೊಂದು ಸುತ್ತುವ ಬಳೆ ಇರುತ್ತದೆ. ಸಾಕೆಟ್ ಹಾಕಿದರೆ ಬಳೆ ಮಾತ್ರ ಸುಮ್ನೆ ತಿರುಗುತ್ತದೆ, ನಟ್ ಅಲ್ಲಾಡುವುದಿಲ್ಲ. ಇದಕ್ಕೆ ಮನೆಯಲ್ಲಿ ಉಳಿ ಹಿಡಿದರೆ ಅಲಾಯ್ ಹಾಳಾಗುವುದೇ ಜಾಸ್ತಿ. ಕೈ ಪಳಗಿದವರ ಹತ್ತಿರ ಅದರ ಮೇಲೆ ಬೇರೆ ನಟ್ ವೆಲ್ಡ್ ಮಾಡಿಸಿ ಬಿಚ್ಚಿಸಿ, ಅದಕ್ಕೂ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಸಿ.

ಇಷ್ಟೆಲ್ಲ ಪಾಡು ಬರುವುದು ಹೆಚ್ಚಾಗಿ ಇಂಪ್ಯಾಕ್ಟ್ ಗನ್‌ನಿಂದ, ಅಂದರೆ ಅಂಗಡಿಯವರು ನಟ್ ತಿರುಗಿಸಲು ಬಳಸುವ ಮೆಷಿನ್‌ನಿಂದ. ಚಿಕ್ಕ ಕಾರುಗಳಿಗೆ 100 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಸಾಕು, ಗನ್ ಹಿಡಿದವರು ಅದಕ್ಕಿಂತ ಎಷ್ಟೋ ಹೆಚ್ಚು ಬಿಗಿಯುತ್ತಾರೆ, ಆಮೇಲೆ ಕೀ ಇದ್ದರೂ ಅದರ ಹಲ್ಲು ಮುರಿಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ನಿಂತು, ‘ಅಣ್ಣಾ, ಕೈಯಲ್ಲೇ ಟೈಟ್ ಮಾಡಿ’ ಅಂತ ಹೇಳಿ.

ನಾನಂತೂ ಈಗ ಮಾಮೂಲಿ ನಟ್ ಹಾಕಿದ್ದೇನೆ. ಕೊಳ್ಳುವಾಗ ಥ್ರೆಡ್ (ದಪ್ಪ × ಎರಡು ಸುರುಳಿಗಳ ನಡುವಿನ ಅಂತರ, ಮಿಲಿಮೀಟರ್‌ನಲ್ಲಿ) ನೋಡಿ: ಮಾರುತಿ ಸ್ವಿಫ್ಟ್‌ಗೆ 12×1.25, ಹ್ಯುಂಡೈಗೆ 12×1.5. ತಪ್ಪು ನಟ್ ಒತ್ತಿ ತಿರುಗಿಸಿದರೆ ನಟ್ ಕೂರುವ ಬೋಲ್ಟ್, ಅಂದರೆ ಸ್ಟಡ್ಡೇ ಹೋಗುತ್ತದೆ. ಹಾಕಿ ಐವತ್ತು, ನೂರು ಕಿಲೋಮೀಟರ್ ಓಡಿಸಿದ ಮೇಲೆ ಬಿಗಿ ಇನ್ನೊಮ್ಮೆ ನೋಡಿಕೊಳ್ಳಿ.