ಬ್ರೈಟ್ ಕಣಿವೆಯಲ್ಲಿ ಮೂರು ದಿನ

ಮಕ್ಕಳ ಮನೆಗೆಂದು ಮೆಲ್ಬರ್ನ್‌ಗೆ ಬರುವ ನಮ್ಮಂಥ ಅಪ್ಪ ಅಮ್ಮಂದಿರು ಹೆಚ್ಚಾಗಿ ಸಮುದ್ರದ ದಾರಿ ನೋಡಿ, ಪೆಂಗ್ವಿನ್ ನೋಡಿ ವಾಪಸಾಗುತ್ತಾರೆ. ಅದೆಲ್ಲ ನೋಡಿ. ಅದರ ಜೊತೆಗೆ ಮೂರು ದಿನ ಬಿಡುವು ಮಾಡಿಕೊಂಡು ಬ್ರೈಟ್ ಎಂಬ ಊರಿಗೆ ಹೋಗಿ ಬನ್ನಿ. ಮೂರು ದಿನವೂ ಅಲ್ಲೇ ಇರಬೇಕು. ಒಂದೇ ದಿನದಲ್ಲಿ ಹೋಗಿ ಬಂದರೆ ಕಾರಿನ ಕಿಟಕಿ ಬಿಟ್ಟು ಬೇರೇನೂ ಕಾಣುವುದಿಲ್ಲ.

ನಾವು ಹೋಗಿದ್ದು ಏಪ್ರಿಲ್ ಕೊನೆಯಲ್ಲಿ. ಅಲ್ಲಿ ಅದು ಎಲೆ ಉದುರುವ ಕಾಲ. ಆಸ್ಟ್ರೇಲಿಯಾದ ನೀಲಗಿರಿ ಮರಗಳು ವರ್ಷವಿಡೀ ಹಸಿರಾಗಿಯೇ ಇರುತ್ತವೆ. ಬ್ರೈಟ್‌ನಲ್ಲಿ ಮಾತ್ರ ಹಿಂದೆ ಬಂದು ನೆಲೆಸಿದವರು ನೆಟ್ಟ ಓಕ್, ಎಲ್ಮ್, ಪಾಪ್ಲರ್ ಮರಗಳು ಊರಿಗೆ ಊರನ್ನೇ ಅರಿಶಿನ ಕುಂಕುಮದ ಬಣ್ಣಕ್ಕೆ ತಿರುಗಿಸುತ್ತವೆ. ಈಸ್ಟರ್ ರಜೆಯಲ್ಲಿ ಜನ ಜಾಸ್ತಿ, ರೂಮಿನ ಬಾಡಿಗೆಯೂ ಜಾಸ್ತಿ. ಅದು ಮುಗಿದ ಮೇಲೆ ಹೋಗಿ.

ಮೆಲ್ಬರ್ನ್‌ನಿಂದ ಸುಮಾರು 310 ಕಿ.ಮೀ., ಕಾರಿನಲ್ಲಿ 4 ಗಂಟೆ. ವಾಂಗರಾಟಾವರೆಗೆ ಹ್ಯೂಮ್ ಫ್ರೀವೇ, ಅಲ್ಲಿಂದ ಗ್ರೇಟ್ ಆಲ್ಪೈನ್ ರಸ್ತೆ. ಕಾರು ಇಲ್ಲದವರು ವಾಂಗರಾಟಾಕ್ಕೆ ರೈಲಿನಲ್ಲಿ ಹೋಗಿ, ಮುಂದೆ ಬಸ್ ಹಿಡಿಯಬಹುದು.

ಒಂದು ಮಾತು ಮರೆಯಬೇಡಿ. ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳಿ. ಆ ಕಾಲದಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕಾಂಗರೂ, ವೊಂಬ್ಯಾಟ್ ಎಂಬ ದಪ್ಪ ಮೈಯ ಪ್ರಾಣಿ ರಸ್ತೆಗೆ ಇಳಿಯುವುದೂ ಅದೇ ಹೊತ್ತಿಗೆ. ನಾವು ದಾರಿಯಲ್ಲಿ ಕಾಫಿಗೆ ನಿಂತು ತಡ ಮಾಡಿದೆವು. ಬ್ರೈಟ್‌ಗಿಂತ ಮುಂಚೆ ಸಿಗುವ ಪೊರೆಪಂಕಾ ಎಂಬ ಊರು ದಾಟುವ ಮೊದಲು ಒಂದು ದೊಡ್ಡ ಕಾಂಗರೂ ದೀಪದ ಮುಂದೆಯೇ ಹಾರಿತು. ಅಳಿಯ ನಿಧಾನವಾಗಿ ಓಡಿಸುತ್ತಿದ್ದರಿಂದ ಬಚಾವಾದೆವು. ಒಂದು ದಾಟಿದರೆ ಹಿಂದೆ ಇನ್ನೊಂದು ಬರುತ್ತದೆ, ತಕ್ಷಣ ವೇಗ ಹೆಚ್ಚಿಸಬೇಡಿ.

ಉಳಿಯಲು ಊರ ನಡುವಿನ ಹೋಟೆಲಿಗಿಂತ ಹೊರಗಿನ ತೋಟದ ಮನೆ ನೋಡಿ, ಅಡುಗೆಮನೆ ಇರುವಂಥದ್ದು. ಅಕ್ಕಿ, ಬೇಳೆ, ಉಪ್ಪಿನಕಾಯಿ ಮೆಲ್ಬರ್ನ್‌ನಿಂದಲೇ ಕಟ್ಟಿಕೊಂಡು ಹೋಗಿ. ಏಪ್ರಿಲ್ 25 ಅಲ್ಲಿ ಯೋಧರನ್ನು ನೆನೆಯುವ ದಿನ, ಅವತ್ತು ಮಧ್ಯಾಹ್ನ 1 ಗಂಟೆವರೆಗೆ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ರಾತ್ರಿ ಚಳಿ ಚೆನ್ನಾಗಿಯೇ ಕಚ್ಚುತ್ತದೆ. ಸ್ವೆಟರ್, ಕಾಲುಚೀಲ ಬೇಕೇ ಬೇಕು.

ಬೆಳಗ್ಗೆ ಎಬ್ಬಿಸುವುದು ಕೂಕಬರಾ ಹಕ್ಕಿ. ಯಾರೋ ನಾಲ್ಕು ಜನ ಸೇರಿ ಹೊಟ್ಟೆ ಹಿಡಿದು ನಗುತ್ತಿದ್ದಾರೆ ಅಂತ ಮೊದಲ ದಿನ ನಾನು ಹೊರಗೆ ಬಂದು ನೋಡಿದೆ. ಅದರ ಹಿಂದೆಯೇ ಮ್ಯಾಗ್‌ಪೈ ಹಕ್ಕಿಯ ಹಾಡು, ಕೊಳಲನ್ನು ನೀರಿನಲ್ಲಿ ಅದ್ದಿ ಊದಿದ ಹಾಗೆ. ಬೇಲಿಯಾಚೆ ದನಗಳು ಮಂಜಿನಲ್ಲಿ ನಿಂತಿರುತ್ತಿದ್ದವು. ಕಾಯುವವರು ಯಾರೂ ಇಲ್ಲ! ತೋಟದ ಮನೆಯವರು ಮೊದಲು ಹೇಳಿಕೊಟ್ಟ ಪಾಠ ಗೇಟಿನದು. ತೆರೆದಿದ್ದರೆ ತೆರೆದೇ ಬಿಡಬೇಕು, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು.

ಬ್ರೈಟ್‌ನಿಂದ 6 ಕಿ.ಮೀ. ದೂರದಲ್ಲಿ ವಾಂಡಿಲಿಗಾಂಗ್ ಎಂಬ ಪುಟ್ಟ ಹಳ್ಳಿ. ಹಿಂದೆ ಚಿನ್ನ ತೆಗೆದ ಜಾಗ, ಈಗ ಸೇಬು ಮತ್ತು ಸುಟ್ಟು ತಿನ್ನುವ ಚೆಸ್ಟ್‌ನಟ್ ಕಾಯಿಯ ತೋಟ. ಈ ಕಡೆ ತೋಟದ ಗೇಟಿನ ಪಕ್ಕ ಒಂದು ಮೇಜು, ಮೇಜಿನ ಮೇಲೆ ಚೀಲಗಳು, ಪಕ್ಕದಲ್ಲಿ ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ನೋಡಿಕೊಳ್ಳುವವರು ಯಾರೂ ಇಲ್ಲ. ದುಡ್ಡು ಹಾಕಿ ಚೀಲ ತೆಗೆದುಕೊಂಡು ಹೋಗುವುದು, ಅಷ್ಟೇ. ಬೇರೆಲ್ಲ ಕಡೆ ಕಾರ್ಡ್ ನಡೆಯುತ್ತದೆ, ಇದಕ್ಕಾಗಿ ಚಿಲ್ಲರೆ ಇಟ್ಟುಕೊಳ್ಳಿ. ಆ ಚೆಸ್ಟ್‌ನಟ್ ಸಿಪ್ಪೆಗೆ ಚಾಕುವಿನಿಂದ ಗೀರು ಹಾಕಿ ಕೆಂಡದಲ್ಲಿ ಸುಟ್ಟೆವು. ಗೀರದಿದ್ದರೆ ಸಿಡಿಯುತ್ತದೆ. ಬಾಯಿಗಿಟ್ಟ ತಕ್ಷಣ ನಮ್ಮವರು ತೀರ್ಥಹಳ್ಳಿಯ ಒಲೆ ಮುಂದೆ ಕೂತ ಹಾಗೆ "ಹಲಸಿನ ಬೀಜ ಕಣೇ" ಅಂದರು. ನಿಜವಾಗಿ ಹಾಗೇ ಇತ್ತು, ಒಂಚೂರು ಸಿಹಿ ಜಾಸ್ತಿ.

ಮಲೆನಾಡಿನವರಿಗೆ ಇನ್ನೊಂದು ಎಚ್ಚರಿಕೆ. ಮರದ ಬುಡದಲ್ಲಿ ಅಣಬೆ ಕಂಡರೆ ನಮ್ಮ ಕೈ ಸುಮ್ನೆ ಇರುವುದಿಲ್ಲ, ಅಲ್ವಾ? ಅಲ್ಲಿ ಮುಟ್ಟಬೇಡಿ. ಬ್ರೈಟ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಈ ಕಾಲಕ್ಕೆ ಓಕ್ ಮರದಡಿ ಡೆತ್ ಕ್ಯಾಪ್ ಎಂಬ ಪ್ರಾಣ ತೆಗೆಯುವ ಅಣಬೆ ಏಳುತ್ತದೆ. ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ.

ನಡೆಯಲು, ಸೈಕಲ್ ತುಳಿಯಲು ಹಳೆಯ ರೈಲು ದಾರಿಯಿದೆ. 1890ರಲ್ಲಿ ಬ್ರೈಟ್‌ಗೆ ಬಂದ ರೈಲು ನಿಂತುಹೋಗಿ, ಆ ದಾರಿಯೀಗ ಟಾರು ಹಾಕಿದ ಸೈಕಲ್ ಹಾದಿ. ರೈಲಿಗೆಂದು ಮಾಡಿದ್ದರಿಂದ ಕಡಿದಾದ ಏರಿಲ್ಲ. ಮಂಡಿನೋವಿನ ನಾನೂ ಪೊರೆಪಂಕಾವರೆಗೆ ನಡೆದೆ, ಸುಮಾರು 6 ಕಿ.ಮೀ. ವಾಪಸ್ ಬರಲು ಮಗಳು ಕಾರು ತಂದಳು. ಆಗಸ್ಟ್‌ನಿಂದ ಅಕ್ಟೋಬರ್ ಹೊತ್ತಿಗೆ ಹೋಗುವವರು ತಲೆಗೆ ಟೋಪಿ ಹಾಕಿಕೊಳ್ಳಿ, ಮರಿಯಿರುವ ಮ್ಯಾಗ್‌ಪೈ ತಲೆ ಮೇಲೆ ಎರಗುತ್ತದೆ.

ಮೌಂಟ್ ಬಫಲೋ ಬೆಟ್ಟಕ್ಕೂ ಹೋಗಿದ್ದೆವು. ಅರ್ಧ ದಿನ ಸಾಕು. ನನಗೆ ಜಾಸ್ತಿ ಹಿಡಿಸಿದ್ದು ಊರೊಳಗಿನ ಓವೆನ್ಸ್ ಹೊಳೆ. ತಳದ ಕಲ್ಲು ಎಣಿಸುವಷ್ಟು ತಿಳಿನೀರು. ಕಾಲಿಟ್ಟರೆ ಜುಮ್ಮೆನ್ನುತ್ತದೆ. ದಡದಲ್ಲಿ ಬುತ್ತಿ ಬಿಚ್ಚಿ ಮೊಸರನ್ನ ತಿಂದೆವು. ಹಳದಿ ಎಲೆಗಳು ನೀರಿನಲ್ಲಿ ತೇಲಿಕೊಂಡು ಬರುತ್ತಲೇ ಇದ್ದವು. ಎರಡು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.

ಕೊನೆಯ ರಾತ್ರಿ ತೋಟದ ಮನೆಯ ದೀಪ ಆರಿಸಿ ಅಂಗಳದಲ್ಲಿ ನಿಂತೆವು. ಆಕಾಶಗಂಗೆ ತಲೆಯ ಮೇಲೆ ಹಾಲು ಚೆಲ್ಲಿದ ಹಾಗೆ ಹರಡಿತ್ತು. ನೀವೂ ನೋಡಬೇಕೆಂದರೆ ಹುಣ್ಣಿಮೆ ಆಸುಪಾಸು ಬಿಟ್ಟು ದಿನ ಗೊತ್ತುಮಾಡಿ. ಹೊರಗೆ ಕೂರಲು ಒಂದು ಕಂಬಳಿ ಜಾಸ್ತಿ ಕೇಳಿ, ಕೊಡುತ್ತಾರೆ.