ಅರ್ಜಿಯನ್ನು ತಾವೇ ತುಂಬುವಂತಾಗಬೇಕು

ನಡೆದಾಡುವುದು ಕಷ್ಟವಾದವರು ತಾವು ಹೋಗಬೇಕಾದ ಜಾಗದ ಹತ್ತಿರವೇ ಕಾರು ನಿಲ್ಲಿಸಲು ಇಂಗ್ಲೆಂಡಿನಲ್ಲಿ ‘ಬ್ಲೂ ಬ್ಯಾಡ್ಜ್’ ಎಂಬ ಸೌಲಭ್ಯವಿದೆ. ಅದನ್ನು ಕೊಡುವುದು ಸ್ಥಳೀಯ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂತಹ ಸಂಸ್ಥೆ. ಶುಲ್ಕ 10 ಪೌಂಡ್ ಮೀರುವುದಿಲ್ಲ, ಬ್ಯಾಡ್ಜ್ ಹೆಚ್ಚೆಂದರೆ 3 ವರ್ಷ ಚಾಲ್ತಿಯಲ್ಲಿರುತ್ತದೆ. ಅರ್ಜಿ ಹಾಕುವವರು ತಾವು ಎಷ್ಟು ದೂರ ನಡೆಯಬಲ್ಲೆವು, ನಡೆಯುವಾಗ ಉಸಿರು ಕಟ್ಟುತ್ತದೆಯೇ, ಯಾವ ಔಷಧಿ ತೆಗೆದುಕೊಳ್ಳುತ್ತೇವೆ ಎಂಬಂತಹ ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಇವು ಹೊರಗಿನವರ ಮುಂದೆ ಸುಲಭವಾಗಿ ಹೇಳಿಕೊಳ್ಳುವ ಸಂಗತಿಗಳಲ್ಲ. ಕೈ ನಡುಗುವವರಿಗೆ ಅಥವಾ ದೃಷ್ಟಿ ಮಂದವಾದವರಿಗೆ ಈ ಅರ್ಜಿಯನ್ನು ತಾವೇ ತುಂಬಲು ಬಾರದಂತಾದರೆ, ಮತ್ತೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಕಾಯಿಲೆಯ ವಿವರವನ್ನೆಲ್ಲ ಅವರಿಗೆ ಒಪ್ಪಿಸಬೇಕಾಗುತ್ತದೆ. ಉತ್ತರ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಸೇವೆಗಳ ಆನ್‌ಲೈನ್ ಅರ್ಜಿಗಳನ್ನು ರೂಪಿಸುವ ಕೆಲಸದಲ್ಲಿರುವ ನನಗೆ, ಜನ ತಮ್ಮ ವಿಷಯವನ್ನು ತಾವೇ, ಯಾರ ಹಂಗೂ ಇಲ್ಲದೆ ಬರೆದು ಕಳುಹಿಸುವಂತೆ ಮಾಡುವುದೇ ಈ ಕೆಲಸದ ಮುಖ್ಯ ಉದ್ದೇಶ ಎಂದು ದಿನೇ ದಿನೇ ಗಟ್ಟಿಯಾಗಿ ಅನ್ನಿಸುತ್ತಿದೆ.

ಇಲ್ಲಿ ಇದು ಅಧಿಕಾರಿಗಳ ಮರ್ಜಿಗೆ ಬಿಟ್ಟ ವಿಷಯವಲ್ಲ. 2010ರ ಸಮಾನತಾ ಕಾಯ್ದೆಯ ಜೊತೆಗೆ, ಸಾರ್ವಜನಿಕ ಸಂಸ್ಥೆಗಳ ಜಾಲತಾಣ ಮತ್ತು ಆ್ಯಪ್‌ಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ನಿಯಮಾವಳಿ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದಕ್ಕೆ ಅಳತೆಗೋಲಾಗಿರುವುದು ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ. 2023ರ ಅಕ್ಟೋಬರ್‌ನಲ್ಲಿ ಹೊರಬಂದ ಅದರ 2.2 ಆವೃತ್ತಿಯಲ್ಲಿ ಅರ್ಜಿ ತುಂಬುವವರಿಗೆ ನೇರವಾಗಿ ಸಂಬಂಧಿಸಿದ ಕೆಲವು ಹೊಸ ಅಂಶಗಳಿವೆ. ಒಂದು ಪುಟದಲ್ಲಿ ಕೊಟ್ಟ ವಿಳಾಸವನ್ನು ಅದೇ ಅರ್ಜಿಯ ಮುಂದಿನ ಪುಟದಲ್ಲಿ ಮತ್ತೆ ಟೈಪ್ ಮಾಡಿಸಬಾರದು; ಲಾಗಿನ್ ಆಗುವಾಗ ನೆನಪಿನ ಶಕ್ತಿಯನ್ನೋ ಒಗಟು ಬಿಡಿಸುವ ಶಕ್ತಿಯನ್ನೋ ಪರೀಕ್ಷಿಸಿ, ಬೇರೆ ದಾರಿಯೇ ಇಲ್ಲದಂತೆ ಮಾಡಬಾರದು.

ನಿಯಮ ಓದಿದರೆ ಅರ್ಧ ತಿಳಿಯುತ್ತದೆ. ಉಳಿದರ್ಧ ತಿಳಿಯುವುದು ಬಳಸುವವರ ಪಕ್ಕದಲ್ಲಿ ಕುಳಿತು ನೋಡಿದಾಗ. ಕಣ್ಣು ಕಾಣದವರು ಅರ್ಜಿ ತುಂಬುವಾಗ ಮೌಸ್ ಮುಟ್ಟುವುದಿಲ್ಲ. ಪರದೆಯನ್ನು ಓದಿ ಹೇಳುವ ಎನ್‌ವಿಡಿಎಯಂತಹ ತಂತ್ರಾಂಶವನ್ನು ಚಾಲೂ ಮಾಡಿಕೊಂಡು, ಟ್ಯಾಬ್ ಕೀಲಿ ಒತ್ತುತ್ತಾ ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗುತ್ತಾರೆ. ಖಾನೆಯ ಮೇಲಿರುವ ‘ಹುಟ್ಟಿದ ದಿನಾಂಕ’ ಎಂಬ ಅಕ್ಷರಗಳು ನಮ್ಮ ಕಣ್ಣಿಗೆ ಕಾಣುತ್ತವೆ. ಆದರೆ ಆ ಅಕ್ಷರಗಳಿಗೂ ಖಾನೆಗೂ ಕೋಡ್‌ನಲ್ಲಿ ನಂಟು ಹಾಕದಿದ್ದರೆ, ತಂತ್ರಾಂಶ ‘ಎಡಿಟ್, ಖಾಲಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ, ಅಲ್ಲಿ ಏನು ಬರೆಯಬೇಕೆಂಬುದು ಕೇಳುವವರಿಗೆ ಗೊತ್ತಾಗುವುದೇ ಇಲ್ಲ. ಖಾನೆಯ ಒಳಗೇ ಮಸುಕಾಗಿ ಬರೆದಿಡುವ ಸೂಚನೆಯೂ ಇಂಥದ್ದೇ ತೊಂದರೆ ಕೊಡುತ್ತದೆ: ಒಂದಕ್ಷರ ಟೈಪ್ ಮಾಡಿದ ಕೂಡಲೇ ಅದು ಮಾಯವಾಗುತ್ತದೆ, ಮರೆವಿರುವವರು ಏನು ಕೇಳಿದ್ದರೆಂದು ನೋಡಲು ಬರೆದದ್ದನ್ನೆಲ್ಲ ಅಳಿಸಬೇಕಾಗುತ್ತದೆ. ಆದ್ದರಿಂದ ಬ್ರಿಟಿಷ್ ಸರ್ಕಾರದ ವಿನ್ಯಾಸ ಪದ್ಧತಿಯಲ್ಲಿ ಪ್ರಶ್ನೆ ಖಾನೆಯ ಮೇಲೆ ಸದಾ ಕಾಣುವಂತಿರುತ್ತದೆ, ಒಂದು ಪುಟಕ್ಕೆ ಸಾಮಾನ್ಯವಾಗಿ ಒಂದೇ ವಿಷಯವಿರುತ್ತದೆ. ಹುಟ್ಟಿದ ದಿನಾಂಕಕ್ಕೆ ಕ್ಯಾಲೆಂಡರ್ ತೆರೆಯುವುದರ ಬದಲು ದಿನ, ತಿಂಗಳು, ವರ್ಷ ಎಂದು ಮೂರು ಪುಟ್ಟ ಖಾನೆಗಳಿರುತ್ತವೆ. ತಮಗೆ ಬಾಯಿಪಾಠವಾಗಿರುವ ದಿನಾಂಕಕ್ಕಾಗಿ ಎಂಬತ್ತರ ಹರೆಯದವರು ಸಾವಿರಕ್ಕೆ ಹತ್ತಿರದ ತಿಂಗಳುಗಳಷ್ಟು ಹಿಂದಕ್ಕೆ ಕ್ಯಾಲೆಂಡರ್ ಸರಿಸುವ ಅಗತ್ಯವಾದರೂ ಏನಿದೆ?

ಅರ್ಜಿಯ ನಿಜವಾದ ಗುಣ ಗೊತ್ತಾಗುವುದು ತಪ್ಪು ನುಸುಳಿದಾಗ. ‘ಅಮಾನ್ಯ ನಮೂದು’ ಎಂದು ಕೆಂಪು ಬಣ್ಣದಲ್ಲಿ ಬರೆದು ಕೈತೊಳೆದುಕೊಳ್ಳುವ ಅರ್ಜಿಗಳನ್ನು ನಾವೆಲ್ಲ ನೋಡಿದ್ದೇವೆ. ಕೆಂಪು ಬಣ್ಣ ಗುರುತಿಸಲಾಗದವರಿಗೆ ಅದು ಎದ್ದು ಕಾಣದಿರಬಹುದು, ಕಂಡವರಿಗೂ ಏನು ಸರಿಪಡಿಸಬೇಕೆಂಬುದು ತಿಳಿಯುವುದಿಲ್ಲ. ಇಲ್ಲಿನ ಪದ್ಧತಿಯಲ್ಲಿ ತಪ್ಪಿದ್ದರೆ ಪುಟದ ತಲೆಭಾಗದಲ್ಲಿ ‘ಒಂದು ಸಮಸ್ಯೆಯಿದೆ’ ಎಂಬ ಪೆಟ್ಟಿಗೆ ಬರುತ್ತದೆ, ಗಮನ ಮೊದಲು ಅಲ್ಲಿಗೇ ಹೋಗುವುದರಿಂದ ಓದುವ ತಂತ್ರಾಂಶವೂ ಅದನ್ನೇ ಮೊದಲು ಓದುತ್ತದೆ. ಆ ಪೆಟ್ಟಿಗೆಯಲ್ಲಿ ‘ಹುಟ್ಟಿದ ದಿನಾಂಕದಲ್ಲಿ ವರ್ಷ ಇರಬೇಕು’ ಎಂಬಂತೆ ಸ್ಪಷ್ಟವಾಗಿ ಬರೆದಿರುತ್ತದೆ, ಒತ್ತಿದರೆ ನೇರವಾಗಿ ಆ ಖಾನೆಗೇ ಹೋಗಬಹುದು, ಅದೇ ವಾಕ್ಯ ಖಾನೆಯ ಬಳಿಯೂ ಇರುತ್ತದೆ. ಸರಿಯಾಗಿ ತುಂಬಿದ್ದ ಉಳಿದ ಉತ್ತರಗಳು ಹಾಗೆಯೇ ಉಳಿದಿರುತ್ತವೆ. ದೂರವಾಣಿ ಸಂಖ್ಯೆಯ ನಡುವೆ ಜಾಗ ಬಿಟ್ಟು ಬರೆದರೆ ಅದನ್ನು ತಪ್ಪೆಂದು ಹೇಳದೆ, ಆ ಜಾಗವನ್ನು ಕಂಪ್ಯೂಟರೇ ತೆಗೆದುಹಾಕಬೇಕು. ಯಂತ್ರ ಸುಲಭವಾಗಿ ಮಾಡಬಲ್ಲ ಕೆಲಸವನ್ನು ಮನುಷ್ಯರ ಮೇಲೆ ಹೇರುವುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಹೆಸರಿನ ಖಾನೆಯ ಕಷ್ಟವನ್ನು ಹೊರನಾಡಿನ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರವನ್ನೇ ಇನಿಷಿಯಲ್ ಆಗಿ ಹೊತ್ತು ಬಂದವರನ್ನು ಅರ್ಜಿ ಕಡ್ಡಾಯವಾಗಿ ‘ಸರ್‌ನೇಮ್’ ಕೇಳುತ್ತದೆ. ಒಂದೇ ಅಕ್ಷರ ಬರೆದರೆ ಚಿಕ್ಕದಾಯಿತು ಎಂದು ತಿರಸ್ಕರಿಸುತ್ತದೆ. ಕೊನೆಗೆ ಬ್ಯಾಂಕಿನಲ್ಲಿ ಒಂದು ಹೆಸರು, ಬಾಡಿಗೆ ಕರಾರಿನಲ್ಲಿ ಇನ್ನೊಂದು, ವೈದ್ಯರ ಕಡತದಲ್ಲಿ ಮತ್ತೊಂದು ಎಂದಾಗಿ, ಮೂವರೂ ಒಬ್ಬರೇ ಎಂದು ಸಾಬೀತುಪಡಿಸಲು ಓಡಾಡಬೇಕಾಗುತ್ತದೆ. ಖಚಿತ ಕಾರಣವಿಲ್ಲದಿದ್ದರೆ ‘ಪೂರ್ಣ ಹೆಸರು’ ಎಂಬ ಒಂದೇ ಖಾನೆ ಸಾಕು ಎಂದು ಇಲ್ಲಿನ ವಿನ್ಯಾಸ ಪದ್ಧತಿ ಹೇಳುತ್ತದೆ. ನಾನು ಸಭೆಗಳಲ್ಲಿ ಅತಿ ಹೆಚ್ಚು ಒತ್ತಾಯಿಸುವುದು ಈ ಮಾತನ್ನೇ.

ನಮ್ಮ ದೇಶದಲ್ಲಿ ಕಾನೂನಿಗೇನೂ ಕೊರತೆಯಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಿದೆ, ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿಯಿದೆ. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು. ಆ ಪ್ರಕರಣದ ಮೂಲ ಇದು: ಆ್ಯಸಿಡ್ ದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲಾಗದವರಿಗೆ ಬ್ಯಾಂಕಿನ ಇ-ಕೆವೈಸಿ ಎಂಬ ಆನ್‌ಲೈನ್ ಗುರುತು ಪರಿಶೀಲನೆಯಲ್ಲಿ ‘ಕಣ್ಣು ಮಿಟುಕಿಸಿ’ ಎಂಬ ಹಂತವೇ ಅಡ್ಡಿಯಾಗಿತ್ತು. ಇಷ್ಟಿದ್ದರೂ ನಮ್ಮ ಊರುಗಳಲ್ಲಿ ವಯಸ್ಸಾದವರು ಇಂದಿಗೂ ಸೈಬರ್ ಸೆಂಟರಿನಲ್ಲಿ ಸಾಲು ನಿಂತು, ಆಧಾರ್ ಸಂಖ್ಯೆ, ಆದಾಯ, ಮೊಬೈಲಿಗೆ ಬಂದ ಒಟಿಪಿಯನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಿರುತ್ತಾರೆ. ಅವರಿಗೆ ಬಾರದು ಎನ್ನುವ ಮೊದಲು ಆ ಅರ್ಜಿಯನ್ನು ಅವರಿಂದ ಒಮ್ಮೆಯಾದರೂ ತುಂಬಿಸಿ ನೋಡಿದ್ದಾರೆಯೇ ಎಂದು ಅದನ್ನು ರೂಪಿಸಿದವರನ್ನು ಕೇಳಬೇಕು.

ಕನ್ನಡದ ಅರ್ಜಿಗಳಿಗೆ ಮಾತ್ರ ಸಂಬಂಧಿಸಿದ ಎರಡು ಸಂಗತಿಗಳನ್ನು ಊರಿನಲ್ಲಿ ಈ ಕೆಲಸ ಮಾಡುತ್ತಿರುವ ಗೆಳೆಯರಿಗೆ ಹೇಳಬೇಕಾಗಿದೆ. ಪುಟದ ಭಾಷೆ ಕನ್ನಡವೆಂದು ಕೋಡ್‌ನಲ್ಲಿ ನಮೂದಿಸದಿದ್ದರೆ, ಕನ್ನಡ ಧ್ವನಿ ಫೋನಿನಲ್ಲಿದ್ದರೂ ಓದುವ ತಂತ್ರಾಂಶ ಇಂಗ್ಲಿಷ್ ಧ್ವನಿಯಲ್ಲೇ ಓದಲು ಹೊರಟು ಕನ್ನಡ ಅಕ್ಷರಗಳನ್ನು ಕೆಡಿಸಬಹುದು ಅಥವಾ ಬಿಟ್ಟೇ ಬಿಡಬಹುದು. ಒಂದು ಸಾಲಿನಲ್ಲಿ ಸರಿಹೋಗುವ ಕೆಲಸವಿದು. ಇನ್ನೊಂದು, ಕನ್ನಡ ಕೀಲಿಮಣೆಯಲ್ಲಿ ಯಾರಾದರೂ ಹುಟ್ಟಿದ ವರ್ಷವನ್ನು ೧೯೫೨ ಎಂದು ಬರೆದರೆ ಅರ್ಜಿ ಅದನ್ನು 1952 ಎಂದೇ ತಿಳಿದುಕೊಂಡು ಮುಂದಿನ ಪುಟಕ್ಕೆ ಬಿಡಬೇಕು.